ಗದ್ಯದ ಹೊಣೆ: ಚೀನಾದ ಗುವೆನ್ ಚಳವಳಿ ಮತ್ತು ಕನ್ನಡ ಸಂಶೋಧನೆಯ ಭಾಷೆ

1

ಕನ್ನಡ ಗದ್ಯವನ್ನು ಕುರಿತ ವಾಗ್ವಾದಗಳು ಬಹುಮಟ್ಟಿಗೆ ಪದಗಳನ್ನು ಕುರಿತ ವಾಗ್ವಾದಗಳೇ ಆಗಿವೆ. ಸಂಸ್ಕೃತ ಮತ್ತು ಕನ್ನಡಗಳನ್ನು ಹದವರಿಯದೆ ಬೆರೆಸುವುದನ್ನು ನಯಸೇನ 1112ರ ‘ಧರ್ಮಾಮೃತ’ದಲ್ಲಿ ಆಕ್ಷೇಪಿಸಿದ. ಹದಿಮೂರನೆಯ ಶತಮಾನದ ಆಂಡಯ್ಯ ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದ. ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ 2000ದಲ್ಲಿ ಪ್ರಕಟವಾದ ಬಳಿಕ ಮಹಾಪ್ರಾಣಾಕ್ಷರಗಳನ್ನು ಕೈಬಿಡುವ, ಸಂಸ್ಕೃತ ಮೂಲದ ಪಾರಿಭಾಷಿಕಗಳ ಬದಲು ಕನ್ನಡದ ಬೇರುಗಳಿಂದಲೇ ಪದ ಕಟ್ಟುವ ಪ್ರಶ್ನೆಗಳು ವಿದ್ವತ್ ವಲಯದಲ್ಲಿ ಬಿಸಿಯೇರಿದವು. ನಯಸೇನ, ಆಂಡಯ್ಯರು ಮಾತನಾಡಿದ್ದು ಕಾವ್ಯದ ಬಗ್ಗೆ. ಆದರೂ ಅವರು ಹಾಕಿಕೊಟ್ಟ ಅಳತೆಗೋಲು ಗದ್ಯದ ಚರ್ಚೆಗೂ ಹಾಗೆಯೇ ಬಂದಿತು. ಒಂದು ಬರಹದಲ್ಲಿ ಸಂಸ್ಕೃತ ಎಷ್ಟು, ಕನ್ನಡ ಎಷ್ಟು ಎಂದು ಎಣಿಸಿದರೆ ಅದರ ಶೈಲಿ ನಿರ್ಣಯವಾಯಿತು ಎಂಬ ಭಾವನೆ ಇಂದಿಗೂ ಬಲವಾಗಿದೆ.

ಪದ್ಯದಲ್ಲಿ ಪದಕ್ಕೆ ಇರುವ ಸ್ಥಾನ ಗದ್ಯದಲ್ಲಿ ವಾಕ್ಯಕ್ಕೆ ಇದೆ. ಯಾರು, ಯಾವಾಗ, ಏನನ್ನು ಮಾಡಿದರು, ಅದು ಹೀಗೆಂದು ಹೇಗೆ ತಿಳಿಯುತ್ತದೆ ಎಂಬುದನ್ನು ಹೊತ್ತು ನಿಲ್ಲುವುದು ವಾಕ್ಯ. ಅಚ್ಚಗನ್ನಡದ ಪದಗಳಿಂದಲೇ ಹೊಣೆಗೇಡಿ ವಾಕ್ಯವನ್ನು ಕಟ್ಟಬಹುದು. ತತ್ಸಮಗಳು ತುಂಬಿದ ವಾಕ್ಯವೂ ತಾನು ಹೇಳುವ ಮಾತಿಗೆ ಬದ್ಧವಾಗಿರಬಹುದು. ಗದ್ಯದ ಸುಧಾರಣೆಯೆಂದರೆ ಈ ಬದ್ಧತೆಯ ಸುಧಾರಣೆ. ಅದು ಒಬ್ಬ ಪ್ರತಿಭಾವಂತ ಲೇಖಕನಿಂದ ಆರಂಭವಾಗಬಹುದಾದರೂ, ಬರಹಕ್ಕೆ ಬೆಲೆ ಕಟ್ಟುವ ಸಂಸ್ಥೆಗಳು ತಮ್ಮ ಒರೆಗಲ್ಲನ್ನು ಬದಲಿಸಿದಾಗ ಮಾತ್ರ ನೆಲೆಗೊಳ್ಳುತ್ತದೆ. ಈ ಎರಡು ಮಾತುಗಳಿಗೂ ಚೀನೀ ಸಾಹಿತ್ಯದ ಗುವೆನ್ ಚಳವಳಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಕನ್ನಡ ವಿಭಾಗಗಳು ಇಂದು ಉತ್ಪಾದಿಸುತ್ತಿರುವ ಗದ್ಯವನ್ನು ಆ ನಿದರ್ಶನದ ಎದುರಿಗಿಟ್ಟು ನೋಡುವ ಅಗತ್ಯವಿದೆ.

2

ಹಾನ್ ಯು (768–824) ಬರೆಯತೊಡಗಿದ ಕಾಲಕ್ಕೆ ಚೀನಾದ ಆಡಳಿತ ಮತ್ತು ವಿದ್ವತ್ತಿನ ಗದ್ಯವನ್ನು ‘ಪಿಯಾನ್‌ವೆನ್’ ಆಳುತ್ತಿತ್ತು. ಇದನ್ನು ಜೋಡಿ ಗದ್ಯ ಎನ್ನಬಹುದು. ನಾಲ್ಕು ಅಥವಾ ಆರು ಅಕ್ಷರಗಳ ಪಾದಗಳು ಎರಡೆರಡಾಗಿ ಬರುತ್ತವೆ. ಒಂದು ಪಾದದ ನಾಮಪದಕ್ಕೆ ಎದುರು ಪಾದದಲ್ಲಿ ನಾಮಪದ, ಕ್ರಿಯೆಗೆ ಕ್ರಿಯೆ, ಬಣ್ಣಕ್ಕೆ ಬಣ್ಣ ಹೊಂದಬೇಕು. ಹಳೆಯ ಗ್ರಂಥಗಳ ಉಲ್ಲೇಖಗಳು ಹೆಜ್ಜೆಹೆಜ್ಜೆಗೂ ಇಣುಕಬೇಕು. ಈ ಶೈಲಿ ಕುರೂಪವಾಗಿರಲಿಲ್ಲ. ರಾಜಾಜ್ಞೆ, ಬಿನ್ನವತ್ತಳೆ, ಶ್ರದ್ಧಾಂಜಲಿಗಳಿಗೆ ಅದು ಗಾಂಭೀರ್ಯವನ್ನು ತಂದುಕೊಟ್ಟಿತ್ತು. ಆದರೆ ಎರಡನೆಯ ಪಾದ ಬರುವುದು ವಿಷಯಕ್ಕೆ ಅದು ಬೇಕೆಂಬ ಕಾರಣದಿಂದಲೋ, ಮೊದಲ ಪಾದಕ್ಕೆ ಜೋಡಿ ಬೇಕೆಂಬ ಕಾರಣದಿಂದಲೋ ಎಂಬುದು ಓದುವವನಿಗೆ ತಿಳಿಯುತ್ತಿರಲಿಲ್ಲ. ಅನೇಕ ವೇಳೆ ಬರೆದವನಿಗೂ ತಿಳಿಯುತ್ತಿರಲಿಲ್ಲ.

ಹಾನ್ ಯು ಇದಕ್ಕೆ ಎದುರಾಗಿ ನಿಲ್ಲಿಸಿದ್ದು ‘ಗುವೆನ್’ ಅನ್ನು. ಆ ಮಾತಿನ ಅರ್ಥ ಹಳೆಯ ಬರಹ. ಮೆನ್ಷಿಯಸ್, ಸಿಮ ಚಿಯನ್ ಮುಂತಾದ ಪ್ರಾಚೀನರ ಬಿಡಿಬಿಡಿಯಾದ, ಏರಿಳಿತಗಳುಳ್ಳ, ಜೋಡಿಗೆ ಕಟ್ಟುಬೀಳದ ವಾಕ್ಯರಚನೆ ಅವನ ಮಾದರಿ. ಸವಕಲು ಮಾತುಗಳನ್ನು ತೊಡೆದುಹಾಕಬೇಕೆಂಬುದು ಅವನ ಆಗ್ರಹ. ಇಲ್ಲಿ ಕನ್ನಡದ ಓದುಗರು ಎಚ್ಚರದಿಂದ ಗಮನಿಸಬೇಕಾದ ಸಂಗತಿಯೊಂದಿದೆ. ಹಾನ್ ಯು ಆಡುಮಾತಿನಲ್ಲಿ ಬರೆಯಲಿಲ್ಲ. ಆಡುಮಾತನ್ನು ಸಾಹಿತ್ಯದ ಭಾಷೆಯಾಗಿಸಬೇಕೆಂಬ ಚಳವಳಿ ಚೀನಾದಲ್ಲಿ ಎದ್ದದ್ದು ಹನ್ನೊಂದು ಶತಮಾನಗಳ ಅನಂತರ. ಹಾನ್ ಯುವಿನ ಸುಧಾರಣೆ ಪದಕೋಶದ ಸುಧಾರಣೆಯಲ್ಲ. ವಾಕ್ಯವನ್ನು ಅಲಂಕಾರದ ಊಳಿಗದಿಂದ ಬಿಡಿಸಿ ವಿಚಾರದ ಕೆಲಸಕ್ಕೆ ಹಚ್ಚಿದ್ದು ಅದರ ತಿರುಳು.

ಆ ಕೆಲಸಕ್ಕೆ ತೆರಬೇಕಾದ ಬೆಲೆಯೂ ಇತ್ತು. 819ರಲ್ಲಿ ಚಕ್ರವರ್ತಿಯು ಬುದ್ಧನ ಅಸ್ಥಿಯೆಂದು ನಂಬಲಾದ ಅವಶೇಷವನ್ನು ಅರಮನೆಗೆ ಬರಮಾಡಿಕೊಳ್ಳಲು ಹೊರಟಾಗ ಹಾನ್ ಯು ಅದನ್ನು ವಿರೋಧಿಸಿ ಬಿನ್ನವಿಸಿದ. ಮರಣದಂಡನೆಯಿಂದ ಕೂದಲೆಳೆಯಲ್ಲಿ ಪಾರಾಗಿ ದಕ್ಷಿಣದ ಚಾವ್‌ಝೌಗೆ ಗಡಿಪಾರಾದ. ಬಿನ್ನವತ್ತಳೆಯ ವಿಚಾರವನ್ನು ಒಪ್ಪಬೇಕಾದುದಿಲ್ಲ. ಬೌದ್ಧಧರ್ಮದ ಬಗೆಗಿನ ಅವನ ಅಸಹನೆ ಇಂದಿನ ಓದುಗನಿಗೆ ಹಿತವಾಗದು. ಆದರೆ ಆ ಬರಹ ಏನು ಹೇಳುತ್ತಿದೆ ಎಂಬುದರಲ್ಲಿ ಚಕ್ರವರ್ತಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಅವನ ಸಮಕಾಲೀನ ಲಿಯು ಝೊಂಗ್‌ಯುವಾನ್ (773–819) ರಾಜಕೀಯದಲ್ಲಿ ಸೋತು 805ರಲ್ಲಿ ಯೊಂಗ್‌ಝೌಗೆ ಗಡಿಪಾರಾದವನು. ವಿಷದ ಹಾವು ಹಿಡಿದು ತೆರಿಗೆಯ ಬದಲು ಒಪ್ಪಿಸುವ ಒಬ್ಬ ಬಡವನ ಪ್ರಸಂಗವನ್ನು ಅವನು ಬರೆದ. ತೆರಿಗೆಯ ವಸೂಲಿ ಹಾವಿಗಿಂತ ಘೋರವೆಂಬುದನ್ನು ಆ ಬಡವನ ಲೆಕ್ಕಾಚಾರದಿಂದಲೇ ತೋರಿಸಿದ. ಅಂಥ ಲೆಕ್ಕವನ್ನು ಜೋಡಿ ಗದ್ಯದ ಚೌಕಟ್ಟಿನಲ್ಲಿ ಬಿಡಿಸಿ ಹೇಳುವುದು ಸುಲಭವಿರಲಿಲ್ಲ.

ಇಷ್ಟಾದರೂ ಇವರಿಬ್ಬರ ಅನಂತರ ಗುವೆನ್ ಬಹುಪಾಲು ಮಂಕಾಯಿತು. ತಾಂಗ್ ಕಾಲದ ಕೊನೆಯಲ್ಲೂ ಸಾಂಗ್ ಕಾಲದ ಆರಂಭದಲ್ಲೂ ಅಲಂಕೃತ ಶೈಲಿಯೇ ಮತ್ತೆ ಮೆರೆಯಿತು. ಗೆಲುವು ಬಂದದ್ದು 1057ರಲ್ಲಿ. ಆ ವರ್ಷ ರಾಜಧಾನಿಯ ಪದವಿ ಪರೀಕ್ಷೆಗೆ ಮುಖ್ಯ ಪರೀಕ್ಷಕನಾಗಿದ್ದ ಓಯಾಂಗ್ ಷಿಯು (1007–1072) ಆಗ ವಿದ್ಯಾರ್ಥಿಗಳಲ್ಲಿ ಜನಪ್ರಿಯವಾಗಿದ್ದ ‘ತಾಯ್‌ಷುಯೆ’ ಶೈಲಿಯ ಉತ್ತರಪತ್ರಿಕೆಗಳನ್ನು ಅನುತ್ತೀರ್ಣಗೊಳಿಸಿದ. ಸಿಟ್ಟಿಗೆದ್ದ ಪರೀಕ್ಷಾರ್ಥಿಗಳು ಬೀದಿಯಲ್ಲಿ ಅವನನ್ನು ಮುತ್ತಿ ನಿಂದಿಸಿದರು. ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಸು ಷಿ, ಅವನ ತಮ್ಮ ಸು ಝೆ, ಝೆಂಗ್ ಗೊಂಗ್ ಇದ್ದರು. ತಾಂಗ್ ಮತ್ತು ಸಾಂಗ್ ಕಾಲದ ಎಂಟು ಗದ್ಯಾಚಾರ್ಯರೆಂದು ಮುಂದೆ ಹೆಸರಾದವರಲ್ಲಿ ಈ ಮೂವರೂ ಸೇರಿದ್ದಾರೆ.

ಈ ಘಟನೆಯ ಅತಿ ಮುಖ್ಯ ಅಂಶ ಸಾಮಾನ್ಯವಾಗಿ ಕಣ್ತಪ್ಪುತ್ತದೆ. ಓಯಾಂಗ್ ಷಿಯು ಅನುತ್ತೀರ್ಣಗೊಳಿಸಿದ ಶೈಲಿ ಹಳೆಯ ಜೋಡಿ ಗದ್ಯವಲ್ಲ. ಅದು ಗುವೆನ್‌ನ ಹೆಸರಿನಲ್ಲೇ ಬೆಳೆದ, ವಿಚಿತ್ರವಾದ ಮತ್ತು ದುರ್ಬೋಧವಾದ ಬರವಣಿಗೆ. ಸುಧಾರಣೆಯ ಭಾಷೆಯೇ ಎರಡು ಶತಮಾನಗಳಲ್ಲಿ ಹೊಸ ಆಡಂಬರವಾಗಿತ್ತು. ಪರೀಕ್ಷಕ ತಿರಸ್ಕರಿಸಿದ್ದು ತನ್ನ ಪಕ್ಷದವರ ದುರ್ಬೋಧತೆಯನ್ನು.

ಸಂಸ್ಥೆಯ ಬಲ ಎರಡು ಅಲಗಿನದು ಎಂಬುದನ್ನೂ ಚೀನಾದ ಚರಿತ್ರೆಯೇ ಹೇಳುತ್ತದೆ. ಮಿಂಗ್ ಮತ್ತು ಚಿಂಗ್ ಕಾಲಗಳಲ್ಲಿ ಅದೇ ಪರೀಕ್ಷಾ ಪದ್ಧತಿ ‘ಎಂಟು ಕಾಲಿನ ಪ್ರಬಂಧ’ವೆಂಬ ಬಿಗಿ ಅಚ್ಚನ್ನು ರೂಢಿಸಿ, ತಲೆಮಾರುಗಳ ಬುದ್ಧಿಶಕ್ತಿಯನ್ನು ಅದರಲ್ಲಿ ಎರಕ ಹೊಯ್ದಿತು. ಆ ಪರೀಕ್ಷೆಗಳು ರದ್ದಾದದ್ದು 1905ರಲ್ಲಿ. 1917ರ ಜನವರಿಯಲ್ಲಿ ಹು ಷಿ ‘ಹೊಸ ಯೌವನ’ ಪತ್ರಿಕೆಯಲ್ಲಿ ಸಾಹಿತ್ಯ ಸುಧಾರಣೆಯ ಎಂಟು ಅಂಶಗಳನ್ನು ಮಂಡಿಸಿದ. ಮರುತಿಂಗಳೇ ಚೆನ್ ಡುಷಿಯು ಅದನ್ನು ಸಾಹಿತ್ಯಕ್ರಾಂತಿಯ ಕರೆಯಾಗಿಸಿದ. ಆದರೆ ಆಡುಮಾತಿನ ಗದ್ಯ ಬೇರುಬಿಟ್ಟದ್ದು 1920ರಲ್ಲಿ ಶಿಕ್ಷಣ ಸಚಿವಾಲಯ ಪ್ರಾಥಮಿಕ ಶಾಲೆಯ ಕೆಳ ತರಗತಿಗಳ ಪಠ್ಯಗಳು ಆಡುಮಾತಿನಲ್ಲಿರಬೇಕೆಂದು ಆದೇಶಿಸಿದ ಮೇಲೆ. 1057ರಲ್ಲಿ ಉತ್ತರಪತ್ರಿಕೆ, 1920ರಲ್ಲಿ ಪಠ್ಯಪುಸ್ತಕ. ಪ್ರಣಾಳಿಕೆಗಳಿಗೆ ಕಾಲೂರಲು ನೆಲ ಸಿಕ್ಕಿದ್ದು ಅಲ್ಲಿ.

3

ಕನ್ನಡದ ಕಡೆಗೆ ತಿರುಗಿದರೆ, ಗದ್ಯಕ್ಕೆ ಇಲ್ಲಿ ಹಿರಿಮೆಯ ಕೊರತೆಯಿರಲಿಲ್ಲ ಎಂಬುದು ಮೊದಲು ಕಾಣುತ್ತದೆ. ‘ಕವಿರಾಜಮಾರ್ಗ’ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಗದ್ಯಕಾರರೆಂದು ಹೆಸರಿಸುತ್ತದೆ. ಅವರ ಕೃತಿಗಳು ಉಳಿದಿಲ್ಲ. ‘ವಡ್ಡಾರಾಧನೆ’ಯೂ 978ರ ‘ಚಾವುಂಡರಾಯ ಪುರಾಣ’ವೂ ಉಳಿದಿವೆ. ಚಂಪುವಿನ ನಡುವೆ ಬರುವ ಗದ್ಯ ಅನೇಕ ಕಡೆ ಪದ್ಯದ ನೆರಳಾಗಿ, ಸಮಾಸಗಳ ಸಾಲಾಗಿ ನಡೆದರೆ, ‘ವಡ್ಡಾರಾಧನೆ’ಯ ವಾಕ್ಯ ಕತೆಯನ್ನು ಮುಂದಕ್ಕೆ ಒಯ್ಯುವ ಹೊಣೆ ಹೊತ್ತಿದೆ. ಹನ್ನೆರಡನೆಯ ಶತಮಾನದ ವಚನಕಾರರು ವಾಕ್ಯವನ್ನು ಇನ್ನೊಂದು ದಿಕ್ಕಿಗೆ ಕೊಂಡೊಯ್ದರು. ಅಲ್ಲಿ ವಾಕ್ಯ ಎದುರಿಗಿರುವವನನ್ನು ಉದ್ದೇಶಿಸಿ ಆಡಿದ, ಆಡಿದವನು ಹಿಂತೆಗೆದುಕೊಳ್ಳಲಾಗದ ಮಾತು.

ಶಾಸನಗಳು ಈ ದೃಷ್ಟಿಯಿಂದ ಮತ್ತಷ್ಟು ಬೋಧಪ್ರದ. ಒಂದೇ ಕಲ್ಲಿನ ಮೇಲೆ ಎರಡು ಬಗೆಯ ಭಾಷೆ ಇರುತ್ತದೆ. ಅರಸನ ಪ್ರಶಸ್ತಿ ಬರುವಲ್ಲಿ ಬಿರುದುಗಳ ಸರಮಾಲೆ, ಸಮಾಸಗಳ ಬೆಟ್ಟ. ದತ್ತಿಯ ಭೂಮಿಯ ಎಲ್ಲೆಯನ್ನು ಹೇಳುವಲ್ಲಿ ಕೆರೆ, ಕೋಡಿ, ಹುತ್ತ, ಮರ, ದಾರಿ ಒಂದೊಂದಾಗಿ, ದಿಕ್ಕಿನೊಡನೆ ಬರುತ್ತವೆ. ಪ್ರಶಸ್ತಿಯಲ್ಲಿ ಒಂದು ಬಿರುದು ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ಎಲ್ಲೆಯ ವಾಕ್ಯ ತಪ್ಪಿದರೆ ಒಬ್ಬನ ಗದ್ದೆ ಇನ್ನೊಬ್ಬನದಾಗುತ್ತದೆ. ತಪ್ಪಿಗೆ ಬೆಲೆ ತೆರಬೇಕಾದ ಕಡೆ ಗದ್ಯ ತಾನಾಗಿಯೇ ತಿಳಿಯಾಗುತ್ತದೆ ಎಂಬ ಸೂತ್ರಕ್ಕೆ ಇದಕ್ಕಿಂತ ಹಳೆಯ ಕನ್ನಡ ಸಾಕ್ಷ್ಯ ಬೇಕಿಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟವನ್ನು (1905) ಇತಿಹಾಸದ ಆಕರವಾಗಿ ಬಳಸುವವರು ಅನೇಕರಿದ್ದಾರೆ. ಅದನ್ನು ಗದ್ಯದ ಪಾಠವಾಗಿ ಓದಿಸುವ ತರಗತಿಗಳು ಅಪರೂಪ.

ಆಧುನಿಕ ಗದ್ಯದ ಆರಂಭವನ್ನು ಕೆಂಪುನಾರಾಯಣನ ‘ಮುದ್ರಾಮಂಜೂಷ’ದಿಂದ (1823) ಗುರುತಿಸುವುದು ರೂಢಿ. ಆ ಶತಮಾನದ ಕೊನೆಯಲ್ಲಿ ಮುದ್ದಣ ‘ಶ್ರೀರಾಮಾಶ್ವಮೇಧ’ವನ್ನು ಬರೆದ. ಕತೆ ಕೇಳುವ ಮನೋರಮೆ ಪದ್ಯ ಬೇಡ, ಗದ್ಯ ಬೇಕು ಎಂದು ಪಟ್ಟುಹಿಡಿಯುತ್ತಾಳೆ. ಅರ್ಥವಾಗದ ಸಂಸ್ಕೃತಕ್ಕೆ ತಡೆಯೊಡ್ಡುತ್ತಾಳೆ. ಗದ್ಯದ ಪರವಾದ ಈ ವಾದವನ್ನು ಮುದ್ದಣ ಕಟ್ಟಿದ್ದು ಹಳಗನ್ನಡದಲ್ಲಿ. ಹಳೆಯದರ ಹೆಸರಿನಲ್ಲಿ ಹೊಸದನ್ನು ತಂದ ಹಾನ್ ಯುವಿಗೆ ಕನ್ನಡದಲ್ಲಿ ಹತ್ತಿರದವನು ಮುದ್ದಣನೇ. ಇಬ್ಬರಿಗೂ ತಮ್ಮ ಕಾಲದ ಸವಕಲು ಮಾತಿನ ಮೇಲೆ ಬೇಸರವಿತ್ತು. ಇಬ್ಬರೂ ಹಿಂದಕ್ಕೆ ನಡೆದು ಹೊಸ ಲಯವನ್ನು ತಂದರು. ಆದರೆ ಮುದ್ದಣನಿಗೆ ಒಬ್ಬ ಓಯಾಂಗ್ ಷಿಯು ಸಿಗಲಿಲ್ಲ. ಉಡುಪಿಯಲ್ಲಿ ಅಂಗಸಾಧನೆಯ ಶಿಕ್ಷಕನಾಗಿದ್ದ ಅವನು 1901ರಲ್ಲಿ ತೀರಿಕೊಂಡಾಗ ಮೂವತ್ತೊಂದರ ಆಸುಪಾಸಿನಲ್ಲಿದ್ದ. ಅವನ ಗದ್ಯವನ್ನು ಎಲ್ಲರೂ ಮೆಚ್ಚಿದರು. ಅದನ್ನು ಅನುಸರಿಸಿ ಬರೆಯಬೇಕಾದ ಪರೀಕ್ಷೆಯಾಗಲಿ, ಇಲಾಖೆಯಾಗಲಿ, ಪತ್ರಿಕೆಯಾಗಲಿ ಇರಲಿಲ್ಲ. ಅದು ಒಂಟಿ ಶಿಖರವಾಗಿ ಉಳಿಯಿತು.

ಗೆದ್ದ ಗದ್ಯ ಬೇರೆ ದಾರಿಯಲ್ಲಿ ಬಂದಿತು. ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’, ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪ, ವೆಂಕಟರಂಗೋ ಕಟ್ಟಿಯವರು ಶಾಲಾ ಶಿಕ್ಷಣಕ್ಕಾಗಿ ನಡೆಸಿದ ದುಡಿಮೆ, ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯ ಆ ದಾರಿಯ ಮೈಲಿಗಲ್ಲುಗಳು. ಬೆಂಗಳೂರಿನ ಈ ಮುದ್ರಣಾಲಯದಿಂದ 1849ರಲ್ಲಿ ಜಾನ್ ಗ್ಯಾರೆಟ್ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಅಕ್ಕಪಕ್ಕದಲ್ಲಿರುವ ‘ಭಗವದ್ಗೀತೆ’ಯನ್ನು ಪ್ರಕಟಿಸಿದ. ವಿಲಿಯಂ ರೀವ್ ರಚಿಸಿದ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿದ ಆವೃತ್ತಿ 1858ರಲ್ಲಿ, ಥಾಮಸ್ ಹಾಡ್ಸನ್‌ನ ಕನ್ನಡ ವ್ಯಾಕರಣ 1859ರಲ್ಲಿ ಹೊರಬಂದವು. ಗ್ಯಾರೆಟ್ ಮುಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ನಿರ್ದೇಶಕನಾದ. ಆ ಹುದ್ದೆಗೆ ಅನಂತರ ಬಂದವನು ಬಿ. ಎಲ್. ರೈಸ್. ಈ ಗದ್ಯಕ್ಕೆ ಸಾಹಿತ್ಯದ ಮಹತ್ವಾಕಾಂಕ್ಷೆ ಇರಲಿಲ್ಲ. ಅದರಲ್ಲಿ ಪರಭಾಷೆಯ ಗಡುಸುತನವೂ ಇತ್ತು, ಮತಪ್ರಚಾರದ ಉದ್ದೇಶವೂ ಇತ್ತು. ಆದರೆ ಅದಕ್ಕೆ ಅಚ್ಚಿನ ಮನೆ, ಶಾಲೆ, ಇಲಾಖೆಗಳ ಬೆಂಬಲವಿತ್ತು. ಪ್ರತಿಭೆಯಲ್ಲಿ ಮುದ್ದಣನ ಹತ್ತಿರಕ್ಕೂ ಬಾರದ ಬರಹ ಚರಿತ್ರೆಯಲ್ಲಿ ಗೆದ್ದದ್ದು ಹೀಗೆ.

4

ಬೆಂಗಳೂರಿನ ಈ ಪುಸ್ತಕಗಳು ಯಾರಿಗಾಗಿ ಎಂಬ ಪ್ರಶ್ನೆಗೆ ನಗರದ ರಚನೆಯಲ್ಲೇ ಉತ್ತರದ ಒಂದು ಭಾಗವಿದೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದ ಮೇಲೆ ಬೆಂಗಳೂರು ಎರಡಾಯಿತು. ಪೇಟೆಯ ಕಡೆ ಕನ್ನಡ ಪ್ರಧಾನವಾಗಿದ್ದರೆ, ದಂಡಿನ ಕಡೆ ತಮಿಳು, ಉರ್ದು, ತೆಲುಗು, ಇಂಗ್ಲಿಷ್‌ಗಳ ನಡುವೆ ಕನ್ನಡ ಒಂದು ಭಾಷೆ ಮಾತ್ರ. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಮೈಸೂರಿಗೆ ಹಿಂತಿರುಗಿದ್ದು 1947ರಲ್ಲಿ, ಎರಡು ಪುರಸಭೆಗಳೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಇಂಥ ನಗರದಲ್ಲಿ ಕನ್ನಡವನ್ನು ಹೊರಗಿನಿಂದ ಬಂದು ಕಲಿಯುವವನು ಅಪವಾದವಾಗಿರಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ ಕವಿಪ್ರಯೋಗವನ್ನು ಬಲ್ಲವರಿಗೆ ಬರೆದದ್ದು. ಹಾಡ್ಸನ್‌ನ ವ್ಯಾಕರಣ ಕನ್ನಡ ಬಾರದವನಿಗೆ ಬರೆದದ್ದು. ಏನೂ ಗೊತ್ತಿಲ್ಲದವನ ಎದುರು ವಾಕ್ಯವನ್ನು ಬಿಡಿಸಿಡುವಾಗ ಯಾವುದನ್ನೂ ಊಹೆಗೆ ಬಿಡಲಾಗದು. ಫರ್ಡಿನೆಂಡ್ ಕಿಟೆಲ್ ತನ್ನ ನಿಘಂಟನ್ನು 1894ರಲ್ಲಿ ಹೊರತಂದದ್ದು ಮಂಗಳೂರಿನಿಂದಲಾದರೂ ಅವನ ಪ್ರತಿಮೆ ನಿಂತಿರುವುದು ಹಳೆಯ ದಂಡಿನ ಭಾಗವಾದ ಮಹಾತ್ಮ ಗಾಂಧಿ ರಸ್ತೆಯಲ್ಲಿ. ಕನ್ನಡವನ್ನು ಕಲಿತವನೊಬ್ಬನಿಗೆ ಆ ಜಾಗ ಒಪ್ಪುತ್ತದೆ.

ಆ ಓದುಗ ಇಂದಿಗೂ ಅಲ್ಲೇ ಇದ್ದಾನೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಪದವಿ ತರಗತಿಗಳಲ್ಲಿ ಕನ್ನಡ ಪಾಠ ಕೇಳುವವರಲ್ಲಿ ಮನೆಯಲ್ಲಿ ಉರ್ದು, ತಮಿಳು, ತೆಲುಗು, ಮಲಯಾಳಂ, ಹಿಂದಿ ಆಡುವವರು ಸಾಕಷ್ಟಿದ್ದಾರೆ. ದೂರವಾಣಿನಗರದ ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳ ಕಾಲದಲ್ಲಿ ನಾನಾ ಕಡೆಗಳಿಂದ ಬಂದು ನೆಲೆಸಿದ ಮನೆತನಗಳ ಮೊಮ್ಮಕ್ಕಳು, ಈಚಿನ ಮಾಹಿತಿ ತಂತ್ರಜ್ಞಾನದ ವಲಸೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. 2021ರಲ್ಲಿ ಪದವಿ ತರಗತಿಗಳಿಗೆ ಕನ್ನಡವನ್ನು ಕಡ್ಡಾಯಗೊಳಿಸಿದ ಸರ್ಕಾರಿ ಆದೇಶ ನ್ಯಾಯಾಲಯದ ಮೆಟ್ಟಿಲೇರಿತು. ಕಡ್ಡಾಯದ ಪರ ಮತ್ತು ವಿರೋಧಗಳ ಸದ್ದಿನಲ್ಲಿ ಒಂದು ಸರಳ ಪ್ರಶ್ನೆ ಕೇಳಿಬರಲಿಲ್ಲ: ಈ ವಿದ್ಯಾರ್ಥಿ ಕನ್ನಡ ಕಲಿತು ಮುಂದೆ ಓದಬೇಕಾದ ವಿಚಾರಗದ್ಯ ಎಂಥದು? ಕವಿತೆಯನ್ನೂ ಕತೆಯನ್ನೂ ಅವನು ಪ್ರೀತಿಯಿಂದ ಓದಬಹುದು. ದಂಡಿನ ಚರಿತ್ರೆಯನ್ನು, ತನ್ನ ಬೀದಿಯ ಭಾಷೆಗಳನ್ನು ಕುರಿತು ಕನ್ನಡದಲ್ಲಿ ನಡೆದ ಸಂಶೋಧನೆಯನ್ನು ಕೈಗೆತ್ತಿಕೊಂಡರೆ ಅವನಿಗೆ ಏನು ಸಿಗುತ್ತದೆ?

5

ಅನೇಕ ವೇಳೆ ಸಿಗುವುದು ಕನ್ನಡದ ಜೋಡಿ ಗದ್ಯ. ಯಾವ ಒಂದು ಪ್ರಬಂಧದಿಂದಲೂ ತೆಗೆಯದೆ, ಮಾದರಿಗಾಗಿ ರಚಿಸಿದ ಈ ವಾಕ್ಯವನ್ನು ಪರಿಶೀಲಿಸಬಹುದು: ‘ದಂಡು ಪ್ರದೇಶದ ಬಹುಭಾಷಿಕತೆಯ ನೆಲೆಯಲ್ಲಿ ಕನ್ನಡದ ಅಸ್ಮಿತೆಯು ಯಜಮಾನಿಕೆ ಮತ್ತು ಪ್ರತಿರೋಧ, ಕೇಂದ್ರ ಮತ್ತು ಅಂಚುಗಳ ಸಂಕಥನವಾಗಿ ಮುಖಾಮುಖಿಯಾಗುವುದನ್ನು ಕಾಣಬಹುದಾಗಿದೆ.’ ಈ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ಇದರ ಪದಗಳಲ್ಲಿ ಸಂಸ್ಕೃತವೂ ಇದೆ, ಕನ್ನಡವೂ ಇದೆ. ‘ನೆಲೆ’, ‘ಅಂಚು’ಗಳು ಅಪ್ಪಟ ಕನ್ನಡದ ಪದಗಳೇ. ತೊಡಕು ಬೇರೆ ಕಡೆ ಇದೆ. ಯಾರು ಯಾರನ್ನು ಯಾವಾಗ ಎದುರಿಸಿದರು? ಪ್ರತಿರೋಧ ಎಂದರೆ ಅರ್ಜಿಯೋ, ಮೆರವಣಿಗೆಯೋ, ಮೌನವೋ? ಕಾಣಬಹುದಾಗಿದ್ದರೆ ಯಾವ ದಾಖಲೆಯಲ್ಲಿ? ಯಜಮಾನಿಕೆ ಬಂದ ಮೇಲೆ ಪ್ರತಿರೋಧ ಬಂದದ್ದು, ಕೇಂದ್ರ ಬಂದ ಮೇಲೆ ಅಂಚು ಬಂದದ್ದು ವಸ್ತುವಿನ ಒತ್ತಾಯದಿಂದಲ್ಲ, ಜೋಡಿಯ ಒತ್ತಾಯದಿಂದ. ಪಿಯಾನ್‌ವೆನ್‌ನಲ್ಲಿ ಬೆಟ್ಟಕ್ಕೆ ಹೊಳೆ ಬಂದಂತೆ.

ಇದರ ಪಕ್ಕದಲ್ಲಿ ಇನ್ನೊಂದು ವಾಕ್ಯವನ್ನಿಡಬಹುದು: ‘1947ರವರೆಗೆ ದಂಡಿನ ಆಡಳಿತ ಬ್ರಿಟಿಷರ ಕೈಯಲ್ಲಿತ್ತು, ಕಚೇರಿಯ ಭಾಷೆ ಇಂಗ್ಲಿಷ್ ಆಗಿತ್ತು, ಆದ್ದರಿಂದ ಅಲ್ಲಿ ಕನ್ನಡದ ಸ್ಥಿತಿಯನ್ನು ಪೇಟೆಯ ಸ್ಥಿತಿಯಿಂದ ಊಹಿಸುವಂತಿಲ್ಲ.’ ಇದು ಸುಂದರವಾದ ವಾಕ್ಯವೇನಲ್ಲ. ಆದರೆ ಇದನ್ನು ಪರೀಕ್ಷಿಸಬಹುದು. ಕಚೇರಿಯ ಕಡತಗಳಲ್ಲಿ ಕನ್ನಡದ ಕಾಗದಗಳು ಸಿಕ್ಕರೆ ಇದನ್ನು ತಿದ್ದಬಹುದು. ಮೊದಲನೆಯ ವಾಕ್ಯವನ್ನು ಯಾವ ಕಡತವೂ ಅಲುಗಿಸಲಾರದು, ಏಕೆಂದರೆ ಅದು ಯಾವ ಕಡತದ ಮೇಲೂ ನಿಂತಿಲ್ಲ. ತಪ್ಪಾಗುವ ಸಾಧ್ಯತೆಗೆ ತನ್ನನ್ನು ಒಡ್ಡಿಕೊಳ್ಳುವ ವಾಕ್ಯವೇ ಸಂಶೋಧನೆಯ ವಾಕ್ಯ. ಶಾಸನದ ಎಲ್ಲೆಯ ಸಾಲುಗಳಿಗೂ ಪ್ರಶಸ್ತಿಗೂ ಇದ್ದ ಅಂತರ ಇದೇ.

ಈ ಶೈಲಿಯನ್ನು ಬೆಳೆಸಿದವರನ್ನು ಹಳಿಯುವುದು ಅನ್ಯಾಯ. ‘ಸಂಕಥನ’, ‘ಯಜಮಾನಿಕೆ’ಗಳಂಥ ಪರಿಭಾಷೆ ಕನ್ನಡಕ್ಕೆ ಬಂದಾಗ ಅದು ಸುಧಾರಣೆಯೇ ಆಗಿತ್ತು. ರಸ, ಧ್ವನಿ, ಔಚಿತ್ಯಗಳ ಸವಕಲು ಪ್ರಶಂಸೆಯಿಂದ ವಿಮರ್ಶೆಯನ್ನು ಬಿಡಿಸಿ, ಜಾತಿ, ಲಿಂಗ, ಅಧಿಕಾರಗಳ ಪ್ರಶ್ನೆಗಳನ್ನು ಎತ್ತಲು ಆ ಪದಗಳು ಬೇಕಾಗಿದ್ದವು. ದಲಿತ, ಬಂಡಾಯ, ಸ್ತ್ರೀವಾದಿ ಚಿಂತನೆಗಳಿಂದ ಕನ್ನಡ ಸಾಹಿತ್ಯಾಧ್ಯಯನಕ್ಕೆ ದೊರೆತ ಕಣ್ಣುಗಳನ್ನು ಮತ್ತೆ ಮುಚ್ಚುವ ಮಾತಿಲ್ಲ. ಆದರೆ 1057ರ ಪಾಠ ಇಲ್ಲಿಯೇ ನೆನಪಾಗಬೇಕು. ಪ್ರಶ್ನೆ ಕೇಳಲು ಬಂದ ಪದ ಈಗ ಉತ್ತರದ ಜಾಗದಲ್ಲಿ ಕುಳಿತಿದೆ. ಆ ಪದಗಳನ್ನು ಮೊದಲು ಬಳಸಿದವರು ಅವುಗಳ ಹಿಂದಿನ ಓದನ್ನೂ ಹೋರಾಟವನ್ನೂ ಬಲ್ಲವರು. ಎರಡನೆಯ, ಮೂರನೆಯ ತಲೆಮಾರಿನ ಸಂಶೋಧಕನಿಗೆ ಅವು ತೇರ್ಗಡೆಯ ಮುದ್ರೆಗಳು. ಅಂಚಿನವರ ಪರವಾಗಿ ಬರೆದ ಪ್ರಬಂಧವನ್ನು ಅಂಚಿನಲ್ಲಿರುವವನೇ ಓದಲಾರದೆ ಹೋದರೆ ಆ ಪರಿಭಾಷೆಯ ಉದ್ದೇಶವೇ ಸೋತಂತೆ.

ಈ ಶೈಲಿ ಬಾಳುತ್ತಿರುವುದಕ್ಕೆ ಸಂಶೋಧಕನ ಸೋಮಾರಿತನ ಕಾರಣವೆನ್ನುವುದೂ ಪೂರ್ಣ ಸತ್ಯವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದ ಬಳಿಕ ಲೇಖನಗಳನ್ನು ಎಣಿಸುವುದು ಕಡ್ಡಾಯವಾಯಿತು, ಓದುವುದು ಐಚ್ಛಿಕವಾಯಿತು. ಎಣಿಕೆಗೆ ಒಳಗಾಗುವ ಗದ್ಯ ಎಣಿಕೆಗೆ ತಕ್ಕಂತೆ ಬೆಳೆಯುತ್ತದೆ. ನಿಯಮಗಳು ಅನಂತರ ಬದಲಾದರೂ ಆ ದಶಕದಲ್ಲಿ ಬೇರೂರಿದ ಅಭ್ಯಾಸ ಉಳಿದಿದೆ. ಇದು ಎಂಟು ಕಾಲಿನ ಪ್ರಬಂಧದ ಕತೆಯೇ. ಸಂಸ್ಥೆ ಏನನ್ನು ಬೇಡುತ್ತದೆಯೋ ಅದನ್ನೇ ವಿದ್ವಾಂಸ ಒದಗಿಸುತ್ತಾನೆ.

6

ಎರಡು ಆಕ್ಷೇಪಗಳು ಸಹಜ. ವಿದ್ವತ್ತಿನ ಭಾಷೆಗೆ ತನ್ನದೇ ಕಾಠಿಣ್ಯ ಇರಬೇಕಾಗುತ್ತದೆ, ಎಲ್ಲವನ್ನೂ ಎಲ್ಲರಿಗೂ ತಿಳಿಯುವಂತೆ ಬರೆಯಲಾಗದು ಎಂಬುದು ಮೊದಲನೆಯದು. ಇದು ನಿಜ. ಛಂದಸ್ಸಿನ ಅಂಶಗಣವನ್ನೋ ಭಾಷಾಶಾಸ್ತ್ರದ ಧ್ವನಿಮಾವನ್ನೋ ಪರಿಭಾಷೆಯಿಲ್ಲದೆ ಚರ್ಚಿಸಲಾಗದು. ಆದರೆ ಆ ಪದಗಳಿಗೆ ಗೊತ್ತಾದ ಅರ್ಥವಿದೆ, ಅವುಗಳನ್ನು ತಪ್ಪಾಗಿ ಬಳಸಿದರೆ ತೋರಿಸಿಕೊಡಬಹುದು. ವಸ್ತುವಿನ ಕಾಠಿಣ್ಯ ಬೇರೆ, ವಾಕ್ಯದ ಮಬ್ಬು ಬೇರೆ. ಎರಡನೆಯ ಆಕ್ಷೇಪ, ಸರಳತೆಯ ಹೆಸರಿನಲ್ಲಿ ವಿಚಾರ ತೆಳುವಾಗುತ್ತದೆ ಎಂಬುದು. ಎ. ಆರ್. ಕೃಷ್ಣಶಾಸ್ತ್ರಿಗಳ ಗದ್ಯವನ್ನು ಓದಿದವರು ಈ ಭಯವನ್ನು ಇಟ್ಟುಕೊಳ್ಳಬೇಕಾದುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ‘ಪ್ರಬುದ್ಧ ಕರ್ನಾಟಕ’ವನ್ನು ಆರಂಭಿಸಿದ ಅವರು ಸಂಸ್ಕೃತದ ಆಳವಾದ ವಿದ್ವತ್ತನ್ನು ಮರೆಮಾಡದೆ, ಮೆರೆಸದೆ, ಸಾಮಾನ್ಯ ಓದುಗನ ಮುಂದಿಟ್ಟರು. 1911ರಲ್ಲಿ ಧಾರವಾಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದ್ದು ಹೆಸರಾಗಿದೆ. ಆ ಆಶಯಕ್ಕೆ ಬೇರು ಸಿಕ್ಕಿದ್ದು ಇಂಥ ಪತ್ರಿಕೆಗಳು, 1915ರ ಸಾಹಿತ್ಯ ಪರಿಷತ್ತು, 1927ರಲ್ಲಿ ಮೈಸೂರಿನಲ್ಲಿ ಆರಂಭವಾದ ಕನ್ನಡ ಎಂ.ಎ. ತರಗತಿಗಳ ಮೂಲಕ. ಕನ್ನಡದ ಅತ್ಯುತ್ತಮ ವಿಚಾರಗದ್ಯದ ಒಂದು ಕಾಲ ವಿಭಾಗಗಳ ಸುತ್ತಲೇ ಬೆಳೆಯಿತು. ಆದ್ದರಿಂದ ಸುಧಾರಣೆಯ ಹೊಣೆಯೂ ಅಲ್ಲಿಂದ ಹೊರಗೆ ಹೋಗುವುದಿಲ್ಲ.

ಏನು ಮಾಡಬಹುದು ಎಂಬುದು ದೊಡ್ಡ ಯೋಜನೆಗಳ ವಿಷಯವಲ್ಲ. ಮೊದಲನೆಯದಾಗಿ, ಪಿಎಚ್.ಡಿ. ಪ್ರಬಂಧದ ಮೌಲ್ಯಮಾಪನ ವರದಿಯಲ್ಲಿ ಗದ್ಯವನ್ನು ಕುರಿತು ಪ್ರತ್ಯೇಕವಾದ ಒಂದು ಅಭಿಪ್ರಾಯ ಇರಬೇಕು. ಪ್ರಬಂಧದ ಮುಖ್ಯ ನಿಲುವನ್ನು ಪರೀಕ್ಷಕ ತನ್ನ ಮಾತಿನಲ್ಲಿ ಮೂರು ವಾಕ್ಯಗಳಲ್ಲಿ ಹೇಳಲು ಸಾಧ್ಯವಾಗದಿದ್ದರೆ ಪ್ರಬಂಧವನ್ನು ತಿದ್ದುವುದಕ್ಕೆ ಹಿಂತಿರುಗಿಸಬೇಕು. ಎರಡನೆಯದಾಗಿ, ಪ್ರಬಂಧದೊಡನೆ ಐದಾರು ಪುಟಗಳ ಸಾರಲೇಖವನ್ನು, ಆ ವಿಷಯದ ತಜ್ಞನಲ್ಲದ ಪದವಿ ವಿದ್ಯಾರ್ಥಿಯನ್ನು ಗಮನದಲ್ಲಿಟ್ಟು ಬರೆಸಬೇಕು. ಶಿವಾಜಿನಗರದ ಅಥವಾ ಕೃಷ್ಣರಾಜಪುರದ ಕಾಲೇಜಿನಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಕಲಿಸುವ ಅಧ್ಯಾಪಕರೊಬ್ಬರು ಅದನ್ನು ಓದಿ ಅಭಿಪ್ರಾಯ ನೀಡುವ ವ್ಯವಸ್ಥೆ ಇದ್ದರೆ, ಹಾಡ್ಸನ್‌ನ ವ್ಯಾಕರಣಕ್ಕೆ ದೊರೆತ ಶಿಸ್ತು ಸಂಶೋಧನೆಗೂ ದೊರೆಯುತ್ತದೆ. ಮೂರನೆಯದಾಗಿ, ಎಂ.ಎ. ಪಠ್ಯದಲ್ಲಿ ಗದ್ಯದ ಚರಿತ್ರೆ ಎಂದರೆ ‘ವಡ್ಡಾರಾಧನೆ’ಯಿಂದ ಕಾದಂಬರಿಗೆ ಒಂದೇ ಜಿಗಿತ ಎಂಬಂತಾಗಬಾರದು. ಶಾಸನಗಳ ಎಲ್ಲೆಯ ಗದ್ಯ, ಹತ್ತೊಂಬತ್ತನೆಯ ಶತಮಾನದ ವ್ಯಾಕರಣ, ಶಾಲಾಪಠ್ಯ, ಪತ್ರಿಕೆಗಳ ಗದ್ಯಕ್ಕೂ ಅಲ್ಲಿ ಜಾಗ ಬೇಕು. 2008ರಲ್ಲಿ ಕನ್ನಡಕ್ಕೆ ದೊರೆತ ಶಾಸ್ತ್ರೀಯ ಸ್ಥಾನಮಾನ ಹಳೆಯ ಗ್ರಂಥಗಳ ಸಂಪಾದನೆಗೆ ಬಲ ತಂದಿದೆ. ಹಳೆಯ ವಾಕ್ಯಗಳಿಂದ ಕಲಿಯುವುದಕ್ಕೂ ಅದು ಬಲ ತರಬೇಕು. ಹಾನ್ ಯು ಹಳೆಯದನ್ನು ಓದಿದ್ದು ಹೊಸದನ್ನು ಬರೆಯುವುದಕ್ಕೆ.

ಇವೆಲ್ಲಕ್ಕೂ ಪರೀಕ್ಷಕನಲ್ಲಿ ಒಂದಿಷ್ಟು ನಿಷ್ಠುರತೆ ಬೇಕಾಗುತ್ತದೆ. ತನ್ನ ವಿಚಾರವನ್ನೇ ಒಪ್ಪುವ, ತನಗೆ ಪ್ರಿಯವಾದ ಪದಗಳನ್ನೇ ಬಳಸುವ ಪ್ರಬಂಧವನ್ನು ‘ಇದು ಏನನ್ನೂ ಹೇಳುತ್ತಿಲ್ಲ’ ಎಂದು ಹಿಂತಿರುಗಿಸುವುದು ಸುಲಭವಲ್ಲ. ಓಯಾಂಗ್ ಷಿಯುವನ್ನು ಬೀದಿಯಲ್ಲಿ ಮುತ್ತಿದವರು ಅವನ ಶತ್ರುಗಳಾಗಿರಲಿಲ್ಲ, ಅವನ ಮಾರ್ಗವನ್ನೇ ಹಿಡಿದು ನಡೆದಿದ್ದೇವೆಂದು ನಂಬಿದ್ದವರು. ಅವನು ಆ ದಿನ ಅವರ ಮನಸ್ಸನ್ನು ಕಾಯ್ದಿದ್ದರೆ ಸು ಷಿಯ ಗದ್ಯಕ್ಕೆ ದಾರಿ ತೆರೆಯುವುದು ತಡವಾಗುತ್ತಿತ್ತು. ಕನ್ನಡ ವಿಭಾಗಗಳ ಮೇಜಿನ ಮೇಲೆ ಈಗ ಕಾಯುತ್ತಿರುವ ಪ್ರಬಂಧಗಳ ರಾಶಿಯಲ್ಲಿಯೂ ತಿಳಿಯಾಗಿ ಬರೆದ, ಆ ಕಾರಣಕ್ಕಾಗಿಯೇ ‘ಸೈದ್ಧಾಂತಿಕ ನೆಲೆ ಸಾಲದು’ ಎಂಬ ಷರಾ ಪಡೆಯುವ ಅಪಾಯದಲ್ಲಿರುವ ಒಂದೆರಡು ಇರಬಹುದು. ಅವುಗಳನ್ನು ಗುರುತಿಸಿ ಎತ್ತಿಹಿಡಿಯುವುದು ಪರೀಕ್ಷಕರಿಂದ ಆಗಬೇಕಾದ ಮೊದಲ ಕೆಲಸ.